ಬೆನ್ನು ಒದರಿದವರು ಯಾರು?

ಮೋಟಾರ್ ಸೈಕಲ್ಲಿನಿಂದ ಬಿದ್ದು ಬಂದ ಗಂಡನಿಗೆ ಮನೆಯಲ್ಲಿ ಮೊದಲು ಸಿಗಬೇಕಾದದ್ದು ಒಂದು ಲೋಟ ನೀರು. ಆಮೇಲೆ ಗಾಯಕ್ಕೆ ಅರಿಶಿನ. ಆಮೇಲೆ ಒಂದಿಷ್ಟು ‘ಅಯ್ಯೋ ಪಾಪ’. ನನಗೆ ಸಿಕ್ಕಿದ್ದು ವಿಚಾರಣೆ.

ನಾನು ಶಿವಕುಮಾರಸ್ವಾಮಿ. ಮನೆ ಕೊಳ್ಳೇಗಾಲ. ಹನೂರಿನಲ್ಲಿ ಆರು ವರ್ಷ ಗುಮಾಸ್ತನಾಗಿದ್ದವನನ್ನು ನಾಲ್ಕು ತಿಂಗಳ ಹಿಂದೆ ಯಳಂದೂರಿಗೆ ವರ್ಗ ಮಾಡಿದರು. ಓಡಾಟದ ದೂರ ಕಡಿಮೆಯಾಯಿತು, ಪೆಟ್ರೋಲು ಉಳಿಯಿತು, ಮನೆಯ ನೆಮ್ಮದಿ ಹೋಯಿತು. ಯಾಕೆಂದರೆ ಯಳಂದೂರಿನಲ್ಲಿ ನನ್ನ ಅಕ್ಕ ಕೋಮಲ ಇದ್ದಾಳೆ. ಅವಳಿಗೂ ನನ್ನ ಹೆಂಡತಿ ಮಾಲಿನಿಗೂ ಮೂರು ವರ್ಷದಿಂದ ಮಾತಿರಲಿಲ್ಲ. (ನಮ್ಮ ಗೃಹಪ್ರವೇಶದ ದಿನ ಅಕ್ಕ ಹೊಸ ಅಡುಗೆಮನೆಗೆ ಇಣುಕಿ "ಇಷ್ಟೇನಾ?" ಎಂದಳು. ಅಕ್ಷರಕ್ಕೊಂದು ವರ್ಷದ ಲೆಕ್ಕದಲ್ಲಿ ಮಾತು ನಿಂತಿತ್ತು.)

ವರ್ಗದ ಆದೇಶ ಬಂದ ದಿನವೇ ಮಾಲಿನಿ ತನ್ನದೂ ಒಂದು ಆದೇಶ ಹೊರಡಿಸಿದಳು.

"ಆ ಮನೆ ಹೊಸಿಲು ತುಳುದ್ರೆ ಈ ಮನೆ ಹೊಸಿಲು ತುಳೀಬೇಡಿ."

ಒಪ್ಪಿಕೊಂಡೆ. ಎರಡು ತಿಂಗಳು ಅಕ್ಕನ ಬೀದಿಗೂ ಕಾಲಿಡಲಿಲ್ಲ. ಆದರೂ ಪ್ರತಿದಿನ ಸಂಜೆ ನಾನು ಎಷ್ಟು ಊಟ ಮಾಡಿದೆ ಎನ್ನುವುದರ ಮೇಲೆ ಅವಳ ಕಣ್ಣಿರುತ್ತಿತ್ತು. ಎರಡನೇ ಮುದ್ದೆ ಬೇಡ ಎಂದರೆ ಸಾಕು, "ಎಲ್ಲಿ ತಿಂದು ಬಂದ್ರಿ?" ಎಂಬ ಪ್ರಶ್ನೆ ತಟ್ಟೆಗೆ ಬೀಳುತ್ತಿತ್ತು.

ನಮ್ಮ ರಸ್ತೆಯ ಗುಂಡಿಗಳೆಲ್ಲ ನನಗೆ ಮುಖಪರಿಚಯ. ಬಣ್ಣ ಬಳಿಯದ ಹಂಪುಗಳು, ಟ್ರ್ಯಾಕ್ಟರ್ ಉದುರಿಸಿದ ಕೆಸರು, ಟಿಪ್ಪರ್ ಚೆಲ್ಲಿದ ಮರಳು, ಎಲ್ಲವನ್ನೂ ನಮಸ್ಕಾರ ಮಾಡಿ ದಾಟುತ್ತೇನೆ. ಆದರೆ ಸುಗ್ಗಿ ಬಂದರೆ ರಸ್ತೆಯೇ ಕಣವಾಗುತ್ತದೆ. ಕಿತ್ತು ತಂದ ಹುರುಳಿ ಗಿಡವನ್ನು ಟಾರಿನ ಮೇಲೆ ದಪ್ಪಗೆ ಹರಡಿ ರೈತರು ಮರದ ನೆರಳಿಗೆ ಹೋಗಿ ಕೂರುತ್ತಾರೆ. ಬಸ್ಸು ಲಾರಿಗಳು ಬಿಟ್ಟಿಯಾಗಿ ಕಾಳು ಬಿಡಿಸಿಕೊಟ್ಟು ಹೋಗುತ್ತವೆ. ನಾಲ್ಕು ಚಕ್ರದವರಿಗೆ ಅದು ಸುಪ್ಪತ್ತಿಗೆ. ಎರಡು ಚಕ್ರದವನಿಗೆ ಮಾತ್ರ ಮೇಲೆ ಚಕ್ರಕ್ಕೆ ಸುತ್ತಿಕೊಳ್ಳುವ ಬಳ್ಳಿ, ಕೆಳಗೆ ಉರುಳುವ ಕಾಳು. ಮಂಗಳವಾರ ಸಂಜೆ ದಾರಿಯ ಒಂದು ಊರಿನ ಮುಂದೆ (ಹೆಸರು ಹೇಳುವುದಿಲ್ಲ, ನಾಳೆಯೂ ಅಲ್ಲೇ ಓಡಾಡಬೇಕು) ನಾನು ಅದರ ಮೇಲೆ ಸಾಷ್ಟಾಂಗವೆರಗಿದೆ.

ಕುಂಟುತ್ತಾ ಮನೆಗೆ ಬಂದೆ.

"ಹೆಂಗ್ ಬಿದ್ರಿ?" ಎಂದಳು ಮಾಲಿನಿ.

"ರೋಡಲ್ಲಿ ಹುರುಳಿ ಹಾಕಿದ್ರು, ಜಾರ್ತು."

"ಹುರುಳಿ ಮೇಲೆ ಬಿದ್ದೋರ ಅಂಗೀಲಿ ಒಂದು ಹೊಟ್ಟಾದ್ರೂ ಇರ್ಬೇಕಲ್ವಾ?"

"ಒದರ್ಕೊಂಡೆ ಕಣೇ."

ಅವಳು ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ದೇವಸ್ಥಾನದಲ್ಲೂ ಅಷ್ಟು ನಿಧಾನವಾಗಿ ಬಂದವಳಲ್ಲ.

"ಎದೆ ನೀವು ಒದರ್ಕೊಂಡ್ರಿ. ಬೆನ್ನು ಯಾರು ಒದರುದ್ರು?"

ನನಗೆ ಮಂಡಿಯ ನೋವು ಮರೆತೇಹೋಯಿತು.

"ಯಾರೋ ದಾರೀಲಿ ಹೋಗೋರು."

"ಗಂಡಸೋ, ಹೆಂಗಸೋ?"

"ನೋಡ್ಲಿಲ್ಲ. ಬೆನ್ನಿಂದೆ ಇದ್ರಲ್ಲ!" (ಈ ಉತ್ತರದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ.)

"ನೀವು ಬಿದ್ದಿರೋದು ಹುರುಳಿ ಮೇಲಲ್ಲ," ಎಂದು ಮಾಲಿನಿ ತೀರ್ಪು ಕೊಟ್ಟಳು. "ಯಳಂದೂರಲ್ಲಿ ನಿಮ್ಮಕ್ಕನ ಮನೆ ಮೆಟ್ಲ ಮೇಲೆ."

ಆಮೇಲೆ ನಾಲ್ಕು ದಿನ ಮೌನ. ತಟ್ಟೆ ಮಾತ್ರ ಸದ್ದು ಮಾಡುತ್ತಿತ್ತು. ನನಗೆ ಸಂಕಟವಾಯಿತು, ಅದಕ್ಕಿಂತ ಹೆಚ್ಚಾಗಿ ರೋಷ ಬಂತು. ನಾನು ಹೇಳಿದ್ದರಲ್ಲಿ ಹುರುಳಿಯ ಭಾಗವಂತೂ ಅಪ್ಪಟ ನಿಜ. ಅದನ್ನೂ ನಂಬದ ಹೆಂಡತಿಯ ಜೊತೆ ಬಾಳುವುದು ಹೇಗೆ? ಭಾನುವಾರ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ, "ಹತ್ತು, ಜಾಗ ತೋರುಸ್ತೀನಿ," ಎಂದು ಗುಡುಗಿದೆ.

ಜಾಗ ಅಲ್ಲೇ ಇತ್ತು. ಹುರುಳಿ ಇರಲಿಲ್ಲ. ಎಲೆ ಹಾಕದೆ ಊಟ ಬಡಿಸಬಹುದು, ಅಷ್ಟು ಚೊಕ್ಕವಾಗಿ ರಸ್ತೆ ಗುಡಿಸಿದ್ದರು. ಹಿಂದಿನ ದಿನ ಜೀಪಿನಲ್ಲಿ ಬಂದ ಯಾರೋ, ರಸ್ತೆಯಲ್ಲಿ ಒಕ್ಕಣೆ ಮಾಡಿದರೆ ಕೇಸು ಹಾಕುತ್ತೇವೆ ಎಂದು ಹೆದರಿಸಿ ಹೋಗಿದ್ದರಂತೆ. ಇದು ನನಗೆ ಆಮೇಲೆ ತಿಳಿದ ವಿಷಯ. ಆಗ ನಾನು ಹೆಲ್ಮೆಟ್ಟನ್ನೂ ತೆಗೆಯದೆ ಮೊಬೈಲಿನಲ್ಲಿ ರಸ್ತೆಯ ಫೋಟೊ ಹೊಡೆದು, ಪಕ್ಕದ ಮನೆಯ ಜಗುಲಿಯಲ್ಲಿದ್ದ ಮುದುಕ ದೊಡ್ಡಸಿದ್ದಯ್ಯನನ್ನೂ ಅವನ ಹೆಂಡತಿ ಚಿಕ್ಕನಿಂಗಮ್ಮನನ್ನೂ ಆಫೀಸಿನ ಗತ್ತಿನಲ್ಲಿ ಕೇಳಿದೆ: "ಇಲ್ಲಿ ಹುರುಳಿ ಹಾಕಿದ್ದು ಯಾರು?"

"ಉಳ್ಳೀನಾ?" ದೊಡ್ಡಸಿದ್ದಯ್ಯ ಆ ಹೆಸರನ್ನೇ ಕೇಳದವನಂತೆ ನೋಡಿದ. "ನಮ್ಮೂರಲ್ಲಿ ಉಳ್ಳಿ ಬೆಳಿಯದೇ ಇಲ್ಲ ಕಣ್ ಸಾ."

"ಮತ್ತೆ ಈ ಮೂಟೆ?" ಎಂದು ಜಗುಲಿಯ ಮೂಲೆಯಲ್ಲಿದ್ದ ಮೂಟೆಯನ್ನು ತೋರಿಸಿದೆ.

"ರಾಗಿ ಸಾ."

"ಬಿಚ್ಚಿ ತೋರ್ಸಿ."

"ಓದ್ ವರ್ಸದ್ ರಾಗಿ ಸಾ. ಬಿಚ್ಚುದ್ರೆ ಉಳ ಆಚೆ ಬಂದ್ಬುಡ್ತವೆ."

ಮಾಲಿನಿ ಸೆರಗು ಸರಿಮಾಡಿಕೊಂಡು, "ಹುರುಳೀನೇ ಬೆಳೆಯಲ್ವಂತೆ," ಎಂದಳು. ಆ ತೃಪ್ತಿ ನೋಡಿ ನನ್ನ ತಲೆ ಕೆಟ್ಟಿತು. ಹೆಲ್ಮೆಟ್ಟು ಕಿತ್ತೆಸೆದೆ.

"ಅವ್ವಾ, ನಾನು ಆಫೀಸರ್ ಅಲ್ಲ! ಮಂಗಳವಾರ ಇಲ್ಲಿ ಬಿದ್ದೋನು ನಾನೇ. ಮುಖ ನೋಡಿ!"

ಚಿಕ್ಕನಿಂಗಮ್ಮ ಕಣ್ಣ ಮೇಲೆ ಕೈಯಿಟ್ಟು ನೋಡಿದಳು. "ಅಯ್ಯೋ ನನ್ನಪ್ಪ, ನೀವಾ! ನಮ್ ಉಳ್ಳಿ ಮೇಲೇ ಅಲ್ವಾ ಜಾರಿದ್ದು! ಮಂಡಿ ವಾಸಿ ಆಯ್ತಾ ಸಾ?"

ಗೆದ್ದೆ! ಮಾಲಿನಿಯ ಮುಖ ಸಡಿಲವಾಯಿತು. ಚೀಲದಿಂದ ನೀರಿನ ಬಾಟಲಿ ತೆಗೆದು ನನಗೆ ಕೊಟ್ಟಳು. ಐದು ದಿನ ತಡವಾದರೂ ಬಂದ ನೀರು. ಅಷ್ಟಕ್ಕೇ ನಾನು ಗಾಡಿ ತಿರುಗಿಸಿಕೊಂಡು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗೆದ್ದವನಿಗೆ ದುರಾಸೆ ಹೆಚ್ಚು.

"ಪೂರ್ತಿ ಹೇಳವ್ವಾ, ಇವಳೂ ಕೇಳ್ಲಿ," ಎಂದೆ.

"ಏನೇಳನವ್ವ, ಬುರ್ರಂತ ಬಂದ್ರು, ಸರ್ರಂತ ಜಾರುದ್ರು. ಇವ್ರು ಇತ್ಲಾಗ್ ಬಿದ್ರು, ಇಂದ್ಗಡೆ ಕುಂತಿದ್ದಮ್ಮ ಅತ್ಲಾಗ್ ಬಿದ್ರು. ಆ ಯಮ್ಮ ಎದ್ದು ಇವ್ರ ಬೆನ್ನು ಒದರ್ತಾ ಬೈದದ್ದೇ ಬೈದದ್ದು, ‘ಲೇ ಶಿವ, ಎಮ್ಮೆ ಕಾಯಕ್ ಓಗ್ಲಾ ನೀನು’ ಅಂತ."

ಈ ಭೂಮಂಡಲದಲ್ಲಿ ನನ್ನನ್ನು ‘ಲೇ ಶಿವ’ ಎಂದು ಕರೆಯುವ ಜೀವ ಒಂದೇ ಒಂದು. (ಓದುಗರೇ, ನಿಮಗೂ ಹೇಳಿರಲಿಲ್ಲ, ಕ್ಷಮಿಸಿ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ತೆಗೆಯಬೇಕೆಂದು ಅಕ್ಕ ಬಸ್ಸಿಗೆ ಕಾಯುತ್ತಾ ನಿಂತಿದ್ದಳು. ಹತ್ತಿಸಿಕೊಂಡೆ. ಬಿದ್ದ ಮೇಲೆ ಎದುರಿಗೆ ಬಂದ ಯಳಂದೂರಿನ ಬಸ್ಸು ಹತ್ತಿ ಅವಳು ವಾಪಸು ಹೋದಳು. ಹೊಸಿಲು ಮಾತ್ರ ತುಳಿದಿಲ್ಲ, ಆಣೆ.)

"ಪಾಪ, ಆ ಯಮ್ಮಂಗೆ ಬಳೆ ಒಡ್ದು ಕೈಯೆಲ್ಲಾ ರಕ್ತ," ಎಂದು ಚಿಕ್ಕನಿಂಗಮ್ಮ ಮುಂದುವರಿಸಿದಳು. "ನಾನೇ ಅರಿಸ್ಣ ಆಕಿ ಬಟ್ಟೆ ಕಟ್ದೆ. ಇವ್ರು ಗಾಡಿ ಕನ್ನಡಿ ಒಡೆದೋಯ್ತು ಅಂತ ಅದನ್ನೇ ನೋಡ್ತಾ ನಿಂತಿದ್ರು."

ಮಾಲಿನಿ ನನ್ನ ಕಡೆ ತಿರುಗಿದಳು. "ಹೆಂಗಸ್ನ ಬೀಳ್ಸಿ, ಕೈಯೆಲ್ಲಾ ರಕ್ತ ಬಂದು, ಐದು ದಿನ ಆಯ್ತು. ಒಂದು ಫೋನ್ ಮಾಡಿದ್ರಾ?"

"ನೀನೇ ಅಲ್ವಾ ಬೇಡ ಅಂದಿದ್ದು?"

"ಹೊಸಿಲು ತುಳೀಬೇಡಿ ಅಂದಿದ್ದೆ. ಫೋನ್ ಮಾಡ್ಬೇಡಿ ಅಂದಿದ್ನಾ?"

ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ತಾನೇ ನಂಬರು ಒತ್ತಿದಳು. "ಅತ್ತಿಗೆ, ನಾನು ಮಾಲಿನಿ. ಕೈ ಹೆಂಗಿದೆ?"

ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಮೂರು ವರ್ಷದ ಜಗಳ ಗುಡಿಸಿದ ರಸ್ತೆಯ ಮೇಲೆ ಮುಗಿಯಿತಲ್ಲ ಎಂದು ಸಂತೋಷಪಟ್ಟೆ. ಅಷ್ಟರಲ್ಲಿ ಮಾಲಿನಿ, "ಹೂಂ ಅತ್ತಿಗೆ, ಗಾಡಿ ಓಡ್ಸೋಕೇ ಬರಲ್ಲ... ಹೌದಾ, ಚಿಕ್ಕೋರಾಗಿದ್ದಾಗ್ಲೂ ಸುಳ್ಳು ಹೇಳ್ತಿದ್ರಾ? ಹೇಳಿ, ಹೇಳಿ," ಎಂದು ಜಗುಲಿಯ ಮೇಲೆ ಆರಾಮವಾಗಿ ಕುಳಿತುಕೊಂಡಳು. ಮುಕ್ಕಾಲು ಗಂಟೆ ನಾನು ಬಿಸಿಲಿನಲ್ಲಿ ನಿಂತಿದ್ದೆ.

ಈಗ ಸಂಜೆ ನಾನು ಯಳಂದೂರು ಬಿಟ್ಟ ಗಳಿಗೆ ಅಕ್ಕ ಮಾಲಿನಿಗೆ ಫೋನ್ ಮಾಡುತ್ತಾಳೆ. ನಡುದಾರಿಯಲ್ಲಿ ಚಿಕ್ಕನಿಂಗಮ್ಮ ಜಗುಲಿಯಿಂದಲೇ ಮಿಸ್ಡ್ ಕಾಲ್ ಕೊಡುತ್ತಾಳೆ. ಕೊಳ್ಳೇಗಾಲದ ಬಾಗಿಲಲ್ಲಿ ಮಾಲಿನಿ ಗಡಿಯಾರ ನೋಡುತ್ತಾ ನಿಂತಿರುತ್ತಾಳೆ. ನಿನ್ನೆ ಹತ್ತು ನಿಮಿಷ ತಡವಾಯಿತು.

"ಯಾಕೆ?" ಎಂದಳು.

ಹುರುಳಿ ಎನ್ನಲು ಬಾಯಿ ತೆರೆದೆ. ಸುಗ್ಗಿ ಮುಗಿದು ತಿಂಗಳಾಗಿತ್ತು.