ಮೂಲೆಯ ಮೇಲೆ ನಿಂತ ಚೌಕ

ಗೆರೆ ಎಳೆದು ಬದುಕುವವನಿಗೆ ಪೇಚು ತಪ್ಪಿದ್ದಲ್ಲ. ನನಗೆ ಒಂದೇ ತಿಂಗಳಲ್ಲಿ ಮೂರು ಬಂದವು.

೧. ಸಿಂಹ

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಶಿರಸಿಯ ಹೊಸ ಹೈಸ್ಕೂಲಿನಲ್ಲಿ ನಾನು ಹಂಗಾಮಿ ಡ್ರಾಯಿಂಗ್ ಮಾಸ್ತರ. ಶಾಲೆಗೊಂದು ಲಾಂಛನ ಬರೆದುಕೊಡು, ಒಪ್ಪಿಗೆಯಾದರೆ ನೌಕರಿ ಕಾಯಂ ಎಂದರು ಶಾಲಾ ಸಮಿತಿಯ ಅಧ್ಯಕ್ಷರು. ಕುಣಿಯುವುದೊಂದು ಬಾಕಿ.

ಬಿಳಗಿಯಿಂದ ಬಂದ ಸಮಿತಿಯ ಸದಸ್ಯರೊಬ್ಬರಿಗೆ ಸಿಂಹವೇ ಬೇಕು. ಅವರ ಊರು ಹಿಂದೆ ರಾಜಧಾನಿಯಂತೆ. ಮೂರು ದಿನ ಕೂತು ಬರೆದೆ. ಅವರು ಬಹಳ ಹೊತ್ತು ನೋಡಿದರು.

"ನಾಯಿ ಚಲೋ ಇದ್ದು ಮಾಸ್ತರೇ. ಸಿಂಹ ಯಾವಾಗ ಬರೀತ್ರಿ?"

೨. ಪಕಾಸಿ

ಪ್ರಾಣಿ ಬಿಟ್ಟೆ. ಗುರಾಣಿಯ ಆಕಾರ ಬರೆದು, ನಡುವೆ ಎರಡು ಓರೆ ಪಟ್ಟಿ ತುದಿಗೆ ತುದಿ ಕೂಡಿಸಿದೆ. ಮಾಡಿನ ಹಂಚು ಹೊರುವ ಪಕಾಸಿಯ ಹಾಗೆ. ವಿದ್ಯೆಯೇ ಆಸರೆ ಎಂಬ ಅರ್ಥವನ್ನೂ ಹೇಳಿದೆ. ಉತ್ಸಾಹದಲ್ಲಿ ಮಾತು ಉದ್ದವಾಯಿತು.

ಅಧ್ಯಕ್ಷರು ಚಿತ್ರ ನೋಡಿದರು, ತಲೆಯೆತ್ತಿ ಮೇಲೆ ನೋಡಿದರು. ಶಾಲೆಗೆ ಇನ್ನೂ ಹಂಚು ಹೊದೆಸಿರಲಿಲ್ಲ, ಬರೀ ಪಕಾಸಿ ಕಾಣುತ್ತಿತ್ತು.

"ನಮ್ಮ ಮರ್ಯಾದೆ ತೆಗೆಯಲೆ ಇದೊಂದು ಬಾಕಿ ಇತ್ತು," ಎಂದರು.

೩. ಚೌಕ

ಕೊನೆಗೆ ಕೆಂಪು ಚೌಕವೊಂದನ್ನು ಮೂಲೆಯ ಮೇಲೆ ನಿಲ್ಲಿಸಿ, ಒಳಗೆ ಬಿಳಿ ವೃತ್ತ ಬರೆದೆ. ಎಲ್ಲರೂ ತಲೆಯಾಡಿಸಿದರು. ಬಾಗಿಲ ಮೇಲೆ ಎರಡು ಮೊಳದ ಲಾಂಛನ ಎದ್ದಿತು. ಹಂಚೂ ಬಂತು. ಉದ್ಘಾಟನೆಯ ದಿನ ನಾನು ಬೆಳಿಗ್ಗೆ ಐದಕ್ಕೇ ಎದ್ದಿದ್ದೆ.

ಹೋಗಿ ನೋಡಿದರೆ ಜಗಲಿಯ ತುಂಬ ಭತ್ತದ ಚೀಲ. ಪ್ರತಿ ಚೀಲದ ಮೇಲೂ ನನ್ನ ಚೌಕ, ನನ್ನ ವೃತ್ತ. ಪೇಟೆಯ ವ್ಯಾಪಾರಿಯೊಬ್ಬರ ಗುರುತೂ ಅದೇ ಎಂದು ನನಗೇನು ಗೊತ್ತು! ಬನವಾಸಿ ಕಡೆಯ ಗಾಡಿಯವನು, ಊರಿಗೆ ಹೊಸಬ, ಚೀಲದ ಗುರುತು ಎಲ್ಲಿ ಕಾಣುತ್ತದೋ ಅಲ್ಲಿ ಇಳಿಸು ಎಂದು ಹೇಳಿಸಿಕೊಂಡು ಬಂದವನು.

ಅಷ್ಟರಲ್ಲಿ ವಿದ್ಯಾಧಿಕಾರಿಗಳ ಜೀಪು ಬಂತು. ಅಧ್ಯಕ್ಷರು ನನ್ನನ್ನು ನೋಡಿದ ರೀತಿಗೇ ಕೆಲಸ ಹೋಯಿತು ಅಂದುಕೊಂಡೆ.

ಅಧಿಕಾರಿಗಳು ಗಾಡಿಯವನನ್ನು ಕರೆದರು. ಶಾಲೆಯ ಬೋರ್ಡು ಓದಲಿಲ್ಲವೇ ಎಂದು ಕೇಳಿದರು.

"ಓದಾಕ ಬರಂಗಿಲ್ರಿ ಸಾಹೇಬ್ರ. ಗುರ್ತು ಅಲ್ಲಿ ತಿರುವಿನ್ಯಾಗಿಂದನ ಕಂಡ್ತರಿ."

ಅಧಿಕಾರಿಗಳು ಜೋರಾಗಿ ನಕ್ಕರು. ಲಾಂಛನ ಅಂದರೆ ಹೀಗಿರಬೇಕು, ಈ ಮಾಸ್ತರನ್ನು ಬಿಡಬೇಡಿ ಎಂದರು. ಅಧ್ಯಕ್ಷರು ನಿಂತಲ್ಲೇ ಕಾಯಂ ಮಾಡಿದರು.

ನನಗೆ ಹಾರಬೇಕು ಅನ್ನಿಸಿತು. ಗಾಡಿಯವನಿಗೆ, ಚೀಲ ಮತ್ತೆ ಏರಿಸಪ್ಪ ಎಂದೆ.

"ಇಳಸೂದಷ್ಟ ನನ್ನ ಕೆಲಸರಿ," ಎಂದು ಅವನು ಬೀಡಿ ಹಚ್ಚಿದ.

ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ಕಾಯಂ ಆತಲ, ಮಾಸ್ತರೇ. ಶುರು ಮಾಡಿ."

ನಲವತ್ತು ಚೀಲ. ಹೊಸ ಕೋಟು ಹಾಕಿದ್ದೆ.