ಕೊಪ್ಪರಿಗೆ ಕೇಳಲು ಹೋದ ನಮ್ಮತ್ತೆ

ನಮ್ಮ ಸೋದರತ್ತೆಯಷ್ಟು ಹಟಮಾರಿ ಹೆಂಗಸು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲೂಕು ಜಾಲಾಡಿದರೂ ನಿಮಗೆ ಸಿಗುವುದಿಲ್ಲ. ಆದರೆ ಅವರ ಹಟ ಎಂಥದ್ದು ಗೊತ್ತೇ? ತಾನು ಹೇಳಿದ್ದೇ ಆಗಬೇಕು ಎಂಬ ಹಟವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಅಂಥವರು ಮನೆಗೊಬ್ಬರು ಇದ್ದೇ ಇರುತ್ತಾರೆ. ನಮ್ಮತ್ತೆಯದು ಎಲ್ಲರೂ ಹೇಳಿದ್ದೇ ಆಗಬೇಕು ಎಂಬ ಹಟ! ಅದಕ್ಕಿಂತ ದೊಡ್ಡ ಪೀಡೆ ಲೋಕದಲ್ಲಿ ಇನ್ನೊಂದಿಲ್ಲ.

ಮದುವೆಯಾಗಿ ಕೆಲವು ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ಮೂಲೆಯಲ್ಲಿ ಕೂರಲಿಲ್ಲ. ಕೂಡ್ಲಿಗಿಯ ಒಂದು ಸ್ವಯಂಸೇವಾ ಸಂಸ್ಥೆಗೆ ಕಾರ್ಯಕರ್ತೆಯಾಗಿ ಸೇರಿದರು. ಬಡವರ ಊರಿಗೆ ಏನು ಬೇಕೆಂದು ಬಡವರೇ ಕೂತು ತೀರ್ಮಾನಿಸಬೇಕು, ಸಂಸ್ಥೆಯವರು ಜೊತೆಗಿದ್ದು ಕೈ ಹಚ್ಚಬೇಕು. ಇದು ಆ ಸಂಸ್ಥೆಯ ಪದ್ಧತಿ. ಒಳ್ಳೆಯದೇ. ಆದರೆ ಅತ್ತೆ ಅದನ್ನು ಸಂಜೆ ಬಸ್ಸಿನಲ್ಲಿ ಮನೆಗೂ ಹೊತ್ತುಕೊಂಡು ಬಂದರಲ್ಲ, ಅಲ್ಲಿಂದ ನಮ್ಮ ಗ್ರಹಚಾರ ಶುರುವಾಯಿತು.

ಬೆಳಿಗ್ಗೆ ಉಪ್ಪಿಟ್ಟೋ ಮಂಡಕ್ಕಿ ಒಗ್ಗರಣೆಯೋ ಎಂದು ಅವ್ವ ಸುಮ್ಮನೆ ಬಾಯಿಮಾತಿಗೆ ಕೇಳಿದರೂ ಸಾಕು, ಅತ್ತೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ವೃತ್ತ ಬರೆದು, ಎಲ್ಲರ ಕೈಗೂ ಹುಣಸೆ ಬೀಜ ಕೊಡುತ್ತಿದ್ದರು. ಯಾವ ವೃತ್ತದಲ್ಲಿ ಬೀಜ ಹೆಚ್ಚು ಬೀಳುತ್ತದೋ ಅದು ಆ ದಿನದ ತಿಂಡಿ. ನಮ್ಮಪ್ಪ ಊರಿಗೆಲ್ಲ ನ್ಯಾಯ ಹೇಳುವ ಮನುಷ್ಯ; ತಮ್ಮ ಮನೆಯಲ್ಲಿ ತಮ್ಮ ಒಂದೇ ಬೀಜ ಹಿಡಿದು, ಮಕ್ಕಳ ನಡುವೆ ಕುಕ್ಕುರುಗಾಲಿನಲ್ಲಿ ಕೂರಬೇಕಾಗಿತ್ತು. ಅವರಿಗೆ ಉಪ್ಪಿಟ್ಟೆಂದರೆ ಆಗದು. ನಾವು ಮಕ್ಕಳೆಲ್ಲ ಸಂಚು ಮಾಡಿ ಉಪ್ಪಿಟ್ಟಿಗೇ ಬೀಜ ಹಾಕುತ್ತಿದ್ದೆವು!

"ಇದು ಮನಿನೋ ಪಂಚಾಯ್ತಿ ಆಫೀಸೋ?" ಎಂದು ಅಪ್ಪ ಕೂಗಾಡುವರು.

"ಪಂಚಾಯ್ತ್ಯಾಗ ಇಷ್ಟು ಚಂದ ಎಲ್ಲಿ ನಡೀತೈತಣ್ಣಾ?" ಎಂದು ಅತ್ತೆ ಶಾಂತವಾಗಿ ಬೀಜ ಎಣಿಸುವರು.

ಇನ್ನು ಅವರಿಗೂ ಕುರ್ಚಿಗೂ ಏನು ಹಗೆಯೋ ಕಾಣೆ. ಅವರ ಸಭೆಯಲ್ಲಿ ಕುರ್ಚಿ ಕಂಡರೆ ಸಾಕು, ತಾವೇ ಎತ್ತಿ ಹೊರಗಿಡುತ್ತಿದ್ದರು. ಎಲ್ಲರೂ ಜಮಖಾನದ ಮೇಲೆ, ಒಂದೇ ಮಟ್ಟದಲ್ಲಿ, ಸುತ್ತಾಗಿ ಕೂರಬೇಕು. ಒಮ್ಮೆ ಹಡಗಲಿ ಕಡೆಯ ಒಂದು ಹಳ್ಳಿಗೆ ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರಂತೆ. ಅವರದು ಸಾಕಷ್ಟು ಭಾರದ ಶರೀರ, ಮೇಲೆ ಮಂಡಿನೋವು. ಕುರ್ಚಿ ಹುಡುಕಿದರು, ಸಿಗಲಿಲ್ಲ. ಅತ್ತೆ ಜಮಖಾನ ಕೊಡವಿ, "ಬರ್ರಿ ಸರ್, ಕುಂದರ್ರಿ" ಎಂದರು. ಪಾಪ, ಕೂತರು. ಸಭೆಯೇನೋ ಚೆನ್ನಾಗಿ ನಡೆಯಿತು. ಮುಗಿದ ಮೇಲೆ ನೋಡಿದರೆ ಸಾಹೇಬರಿಗೆ ಏಳಲು ಆಗುತ್ತಿಲ್ಲ! ಕೊನೆಗೆ ಆ ಊರಿನ ಸಂಘದ ಹೆಂಗಸರು ಒಂದೊಂದು ರಟ್ಟೆಗೆ ಇಬ್ಬಿಬ್ಬರಂತೆ ಹಿಡಿದು, "ಹೂಂ, ಏಳ್ರಿ ಸಾಹೇಬ್ರೆ" ಎಂದು ಎತ್ತಿ ನಿಲ್ಲಿಸಿದರು. ಬಡವರನ್ನು ಮೇಲೆತ್ತಲು ಬಂದಿದ್ದ ಅಧಿಕಾರಿಯನ್ನು ಬಡವರೇ ಮೇಲೆತ್ತಿ ಜೀಪಿಗೆ ಹತ್ತಿಸಿದರು ಎಂದು ಅತ್ತೆ ವಾರಗಟ್ಟಲೆ ನಗುತ್ತಿದ್ದರು.

ಚಿಗಟೇರಿಯ ಈಚೆ ಬಸ್ಸು ಕೆಟ್ಟು ನಿಂತ ಕಥೆಯನ್ನಂತೂ ನಾನೇ ಕಣ್ಣಾರೆ ಕಂಡವಳು. ಮಟಮಟ ಮಧ್ಯಾಹ್ನ. ಡ್ರೈವರು ಇಳಿದು ಎಂಜಿನ್ನಿನ ಮುಚ್ಚಳ ತೆಗೆದ. ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರು? ಡ್ರೈವರಿಗೆ ಬೈದು, ಸರ್ಕಾರಕ್ಕೆ ಬೈದು, ಬೇವಿನ ನೆರಳಿಗೆ ಹೋಗಿ ಮಲಗುತ್ತಿದ್ದರು. ಅತ್ತೆ ಸೀಟಿನಿಂದ ಎದ್ದು ನಿಂತು, "ಈಗ ಏನು ಮಾಡೋಣು ಅಂತ ಎಲ್ಲಾರೂ ಕೂಡಿ ವಿಚಾರ ಮಾಡೋಣು ಬರ್ರಿ" ಎಂದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಆದರೆ ಜನ ಬಂದರು! ಬೇವಿನ ಮರದ ಕೆಳಗೆ ಸುತ್ತಾಗಿ ಕೂತರು. ಆಸ್ಪತ್ರೆಗೆ ಹೊರಟ ಮುದುಕನನ್ನು ಯಾವುದಾದರೂ ಬೈಕಿಗೆ ಹತ್ತಿಸಿ ಮೊದಲು ಕಳಿಸಬೇಕು ಎಂದು ತೀರ್ಮಾನವಾಯಿತು, ಕಳಿಸಿಯೂ ಆಯಿತು. ಆಮೇಲೆ ಮಾತು ಬಸ್ಸಿನಿಂದ ರಸ್ತೆಗೆ, ರಸ್ತೆಯಿಂದ ಕೆರೆಗೆ ಹೋಯಿತು. ಅಷ್ಟರಲ್ಲಿ ಬಸ್ಸು ರಿಪೇರಿಯಾಗಿ ಡ್ರೈವರು ಹಾರ್ನು ಒತ್ತತೊಡಗಿದ. ಜನ ಅವನ ಕಡೆ ತಿರುಗಿ, "ಏ, ತಡಿಯಪ್ಪಾ, ಇನ್ನಾ ಠರಾವು ಆಗಿಲ್ಲ!" ಎಂದು ಗದರಿದರು.

ಇಷ್ಟೆಲ್ಲ ಊರು ಉದ್ಧಾರ ಮಾಡಿದ ಅತ್ತೆ ಒಂದು ಊರಿಗೆ ಮಾತ್ರ ಕೆಲಸಕ್ಕೆ ಹೋಗಿರಲಿಲ್ಲ. ಅದು ನಮ್ಮದೇ ಊರು. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ಕಡೆ ಇರುವ ಸಣ್ಣ ಊರು. ಮೇಲೆ ನಮ್ಮಂಥವರ ಓಣಿ, ಆಚೆ ತುದಿಯಲ್ಲಿ ಕಾಲೊನಿ. ಸಂಸ್ಥೆಯವರು ಕೊನೆಗೂ ಅದನ್ನು ಅವರಿಗೇ ವಹಿಸಿದಾಗ ನಾನು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದೆ. "ಮನ್ಯಾಗ ಕುಂತು ಏನು ಮಾಡ್ತಿ, ಬಾ" ಎಂದು ನನ್ನನ್ನೂ ಕಾಲೊನಿಗೆ ಕರೆದೊಯ್ದರು. ಬಸುರಿ ಎಂದು ಕುರ್ಚಿ ಕೊಟ್ಟರೇ? ಇಲ್ಲ! ಒರಗಲು ಒಂದು ಗೋಡೆ ಕೊಟ್ಟರು.

ಸಂಸ್ಥೆ ಹೆಂಗಸರ ಸಂಘಕ್ಕೆ ಯಾವುದಾದರೂ ಒಂದು ಅನುಕೂಲ ಮಾಡಿಕೊಡುವುದಿತ್ತು. ಏನು ಬೇಕೆಂದು ಸಂಘವೇ ಆರಿಸಬೇಕು. ಅತ್ತೆಯ ಮನಸ್ಸಿನಲ್ಲಿ ಹೊಲಿಗೆ ಯಂತ್ರಗಳಿದ್ದವು. ಹುಡುಗಿಯರು ಹೊಲಿಗೆ ಕಲಿತು ಕೈತುಂಬ ದುಡಿಯಬೇಕು ಎಂದು ಅವರು ಬಹಳ ದಿನದಿಂದ ಕನಸು ಕಟ್ಟಿದ್ದರು. ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಪದ್ಧತಿ ಮುರಿದಂತೆ. ಹೆಂಗಸರು ತಾವೇ ಹೇಳಿದ್ದನ್ನೆಲ್ಲ ರಂಗೋಲಿಯಲ್ಲಿ ಬಿಡಿಸಿದರು: ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ, ಆಡು, ಪಾತ್ರೆ. ಬೀಜ ಹಾಕಿದರು. ಪಾತ್ರೆಯ ಮೇಲೆ ರಾಶಿ ಬಿತ್ತು. ಮದುವೆ ಮುಂಜಿಗೆ ಅಡುಗೆ ಮಾಡುವ ದೊಡ್ಡ ಕೊಪ್ಪರಿಗೆ, ತಪ್ಪೇಲಿ, ಸೌಟು, ಜಾಲರಿ!

ಅತ್ತೆಯ ಮುಖ ಬಾಡಿತು. "ಇನ್ನೊಮ್ಮೆ ವಿಚಾರ ಮಾಡಿ ಹಾಕ್ರಿ" ಎಂದರು. ಹಾಕಿದರು. ಪಾತ್ರೆಯ ರಾಶಿ ಇನ್ನೂ ಎತ್ತರವಾಯಿತು.

"ಯಾಕ್ರವ್ವಾ, ಹೊಲಿಗಿ ಕಲಿತ್ರ ನಿಮ್ಮ ಕಾಲ ಮ್ಯಾಲ ನೀವು ನಿಂದ್ರಬಹುದಲ್ಲ?"

"ಈಗೂ ನಿಂತೀವ್ರಿ ಅಕ್ಕಾರೆ, ಕಾಲಿಗೇನೂ ಆಗಿಲ್ಲ. ನಮಗ ಪಾತ್ರಿ ಬೇಕು" ಎಂದಳು ಹುಲಿಗೆಮ್ಮ. ಸಂಘದ ಹಿರಿಯಳು, ಅತ್ತೆಗಿಂತ ಹತ್ತಾರು ವರ್ಷ ದೊಡ್ಡವಳು. ಹಟದಲ್ಲಿ ಅತ್ತೆಗೆ ಸರಿಜೋಡಿ ಸಿಕ್ಕಿತು ಎಂದು ನಾನು ಗೋಡೆಗೊರಗಿ ಒಳಗೊಳಗೇ ಖುಷಿಪಟ್ಟೆ.

ಅತ್ತೆ ಬಿಡಲಿಲ್ಲ. "ಯಾಕ ಬೇಕು ಅನ್ನೋದು ಹೇಳ್ರಿ. ಇಲ್ಲಿ ಯಾರಿಗೂ ಅಂಜಬ್ಯಾಡ್ರಿ. ಮನಸ್ಸಿನ್ಯಾಗ ಇದ್ದದ್ದು ಬಿಚ್ಚಿ ಹೇಳ್ರಿ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಮತ್ತೆ ಮತ್ತೆ ಕೇಳಿದರು. ಕೊನೆಗೆ ಹುಲಿಗೆಮ್ಮ ಸೆರಗು ಸರಿಮಾಡಿಕೊಂಡಳು.

"ಹೇಳಬಾರದು ಅಂತಿದ್ವಿ. ಕೇಳಿದ್ರಿ ಅಂತ ಹೇಳ್ತೀನಿ. ನನ್ನ ಮಗಳ ಮದುವಿಗೆ ಒಂದು ಕೊಪ್ಪರಿಗಿ ಬೇಕಾಗಿತ್ತು. ಮ್ಯಾಲಿನ ಓಣ್ಯಾಗ ಮನಿಮನಿ ಬಾಗಿಲಿಗೆ ಹೋದ್ನಿ. ಒಬ್ರು ತೂತು ಬಿದ್ದೈತಿ ಅಂದ್ರು. ಒಬ್ರು ಬೀಗರು ಒಯ್ದಾರ ಅಂದ್ರು. ಬಾಗಿಲ ಸಂದ್ಯಾಗ ನನಗ ಕಾಣಸ್ತಿತ್ತು, ಗ್ವಾಡಿಗೆ ಆನಿಸಿ ಇಟ್ಟಿದ್ರು. ಕಡಿಗೆ ಮನ್ಯಾಗಿನ ಸಣ್ಣ ಗಡಿಗ್ಯಾಗ ಮಾಡಿದ್ದ ಮಾಡಿದ್ವಿ. ಬೀಗರು ಅರ್ಧ ಮಂದಿ ಉಣದ ಎದ್ದು ಹೋದ್ರು. ಇನ್ನ ನಮ್ಮ ಕಾಲೊನ್ಯಾಗ ಯಾರ ಮಗಳ ಮದುವ್ಯಾಗೂ ಹಂಗ ಆಗಬಾರದು."

ಅತ್ತೆ ಮೆಲ್ಲಗೆ ಕೇಳಿದರು: "ಅದರಾಗ ನಮ್ಮ ಮನಿನೂ ಇತ್ತೇನು?"

ಒಬ್ಬಾಕೆ ಬೀಜಗಳನ್ನು ಸುಮ್ಮಸುಮ್ಮನೆ ಸರಿಸತೊಡಗಿದಳು. ಹುಲಿಗೆಮ್ಮ, "ನೀವು ಆಗ ಗಂಡನ ಮನ್ಯಾಗ ಇದ್ರಿ ಬಿಡ್ರಿ. ನಿಮಗ ಬ್ಯಾಸರ ಆಗ್ತೈತಿ ಅಂತ ನಾವು ಬಾಯಿ ಬಿಟ್ಟಿದ್ದಿಲ್ಲ" ಎಂದಳು.

ದಿನವೂ ಜನರ ಬಾಯಿ ಬಿಡಿಸುವ ಅತ್ತೆಯ ಬಾಯಿ ಆ ಸಂಜೆ ಮುಚ್ಚಿಹೋಯಿತು. ಮನೆಗೆ ಬಂದು ಅಟ್ಟದ ಕಡೆ ನೋಡುತ್ತ ಕೂತರು. ಅಲ್ಲಿ ನಮ್ಮ ಮನೆತನದ ಹೆಮ್ಮೆಯ ಕೊಪ್ಪರಿಗೆಗಳು ಬೋರಲಾಗಿ ಮಲಗಿದ್ದವು. ನನಗೂ ಅಂದು ಉಣ್ಣಲು ಮನಸ್ಸಾಗಲಿಲ್ಲ.

ಪಾತ್ರೆಗಳು ಬಂದವು. ನನಗೆ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ಕಾರ್ಯ ನಮ್ಮ ಮನೆಯಲ್ಲೇ, ಊರೂಟ ಆಗಬೇಕು ಎಂದರು ಅಪ್ಪ. ಅತ್ತೆ ಏನು ಮಾಡಿದರು ಗೊತ್ತೇ? ಸೀದಾ ಕಾಲೊನಿಗೆ ಹೋಗಿ, ಸಂಘದ ಪಾತ್ರೆ ನಮ್ಮ ಮನೆಯ ಕಾರ್ಯಕ್ಕೆ ಬೇಕು ಎಂದು ಕೇಳಿದರು! ಸಂಘದವರು ಸುಮ್ಮನೆ ಕೊಟ್ಟರೇ? ಅತ್ತೆಯ ಕೈಯಲ್ಲಿ ಪಳಗಿದವರು! ಸಭೆ ಕರೆದರು. "ಕೇಳಾಕ ಬಂದೋರು ಹೊರಗ ಕುಂದ್ರಬೇಕು ಅಂತ ನೀವ ಕಲಿಸೀರಿ ಅಕ್ಕಾರೆ" ಎಂದು ಅವರನ್ನು ಹೊರಗೆ ಕೂರಿಸಿ, ಒಳಗೆ ತಾಸುಗಟ್ಟಲೆ ಚರ್ಚೆ ಮಾಡಿದರಂತೆ. ಅತ್ತೆ ಬಿಸಿಲಿನಲ್ಲಿ ಕಾದರು. ಆಮೇಲೆ ಹುಲಿಗೆಮ್ಮ ಹೊರಗೆ ಬಂದು ತೀರ್ಮಾನ ಹೇಳಿದಳು.

"ಪಾತ್ರಿ ಕೊಡ್ತೀವಿ. ಆದ್ರ ಒಂದು ಮಾತು. ನಿಮ್ಮ ಮನ್ಯಾಗ ಕಾರ್ಯ ಆದಾಗೆಲ್ಲಾ ನಾವು ಎಂಜಲೆಲಿ ಎತ್ತಾಕ ಬರ್ತಿದ್ವಿ. ಈ ಸಲ ಅದಕ್ಕ ಬರಂಗಿಲ್ಲ. ಊಟಕ್ಕ ಬರ್ತೀವಿ. ಮೊದಲನೇ ಪಂಕ್ತಿಗೆ."

"ಆತು. ಮಾತು ಕೊಟ್ಟೀನಿ" ಎಂದರು ಅತ್ತೆ.

ಮಾತು ಕೊಡುವುದು ಸುಲಭ. ಮನೆಯಲ್ಲಿ ಅಪ್ಪ ಇದ್ದರಲ್ಲ! "ನಿನಗೇನು ತಲಿ ಕೆಟ್ಟೈತೇನ? ಅಟ್ಟದ ಮ್ಯಾಲ ನಾಕು ಊರಿಗಾಗೋವಷ್ಟು ಪಾತ್ರಿ ಅದಾವು! ನಾ ಹೋಗಿ ಕಾಲೊನ್ಯಾಗಿನ ಪಾತ್ರ್ಯಾಗ ಮಾಡಿಸಿದ್ರ ಮಂದಿ ಏನಂದಾರು?"

"ನಮ್ಮ ಅಟ್ಟದ ಮ್ಯಾಗಿನ ಪಾತ್ರಿಗೆ ತೂತು ಬಿದ್ದಾವಂತಲ್ಲಣ್ಣಾ" ಎಂದರು ಅತ್ತೆ, ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು.

ಅಪ್ಪನಿಗೆ ಅರ್ಥವಾಯಿತು. ಕೆಂಪಗಾದರು. ಕಾಲೊನಿಯವರು ಮೊದಲ ಪಂಕ್ತಿಗೆ ಕೂತರೆ ಬಂದವರು ಉಣ್ಣದೆ ಎದ್ದು ಹೋಗುತ್ತಾರೆ, ಬೀಗರ ಮುಂದೆ ಮಾನ ಹೋಗುತ್ತದೆ ಎಂದು ಕೂಗಿದರು. ಅತ್ತೆ ಕದಲಲಿಲ್ಲ. ಹಾಗಾದರೆ ತಾನೂ ಈ ಮನೆಯಲ್ಲಿ ಉಣ್ಣುವುದಿಲ್ಲ, ಇನ್ನು ಮುಂದೆಯೂ ಉಣ್ಣುವುದಿಲ್ಲ ಎಂದುಬಿಟ್ಟರು. ತಮಾಷೆಯ ಮಾತಾಗಿರಲಿಲ್ಲ ಅದು. ಆ ಹೊತ್ತಿಗೆ ಒಲೆಯ ಮುಂದಿದ್ದ ನಮ್ಮವ್ವ ಹೊರಗೆ ಬಂದರು. ಅಣ್ಣ-ತಂಗಿಯ ಜಗಳದಲ್ಲಿ ಅವರು ಬಾಯಿ ಹಾಕಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಅಡಿಗಿ ಮಾಡಾಕಿ ಯಾರು?" ಎಂದರು ಅವ್ವ.

"ನೀನ ಅಲ್ಲೇನ" ಎಂದರು ಅಪ್ಪ.

"ಹಂಗಾದ್ರ ಯಾವ ಪಾತ್ರ್ಯಾಗ ಮಾಡಬೇಕಂತ ನನಗ ಬಿಡ್ರಿ. ಅವು ಹೊಸವು, ತಳಾ ದಪ್ಪ ಅದಾವು. ಹುಗ್ಗಿ ಹತ್ತಂಗಿಲ್ಲ." ಅಷ್ಟು ಹೇಳಿ ಒಳಗೆ ಹೋದರು. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ನಡೆದರು.

ಕಾರ್ಯದ ದಿನ ಹುಲಿಗೆಮ್ಮ ಮತ್ತು ಸಂಘದವರು ಹೊಸ ಸೀರೆ ಉಟ್ಟು, ಕೂಸಿಗೆ ಕುಲಾವಿ ಹಿಡಿದು ಮುಂಬಾಗಿಲಿನಿಂದಲೇ ಬಂದರು. ಪಡಸಾಲೆಯಲ್ಲಿ ಮೊದಲ ಪಂಕ್ತಿಗೆ ಕೂತರು. ಅತ್ತೆ ಗೋಧಿ ಹುಗ್ಗಿ ಬಡಿಸಿದರು, ಅವ್ವ ತುಪ್ಪ ಹಾಕಿದರು. ಓಣಿಯ ಕೆಲವರು ತಲೆನೋವು, ಹೊಲದ ಕೆಲಸ ಎಂದು ಎದ್ದು ಹೋದರು, ಕೆಲವರು ಉಳಿದರು. ಅಪ್ಪ ಮೊದಲ ಪಂಕ್ತಿಗೆ ಬರಲಿಲ್ಲ. ಎರಡನೆಯದಕ್ಕೆ ಬಂದು, ಉಂಡು, ಇನ್ನೊಮ್ಮೆ ಹುಗ್ಗಿ ಹಾಕಿಸಿಕೊಂಡರು. ನಾನು ಅಷ್ಟಕ್ಕೇ ಸಂತೋಷಪಟ್ಟೆ. ಒಂದೇ ದಿನಕ್ಕೆ ಎಲ್ಲವೂ ಆಗುತ್ತದೆ ಎಂದು ನಂಬುವಷ್ಟು ಎಳೆಯವಳೇನಲ್ಲ ನಾನು.

ಆದರೆ ನಾನು ಮರೆಯಲಾರದ್ದು ಆ ಮೊದಲ ಪಂಕ್ತಿ ಏಳುವ ಹೊತ್ತು. ಉಂಡು ಮುಗಿಸಿದ ಹುಲಿಗೆಮ್ಮ ರೂಢಿಯಂತೆ ತನ್ನ ಎಲೆ ಎತ್ತಲು ಬಗ್ಗಿದಳು. ಅತ್ತೆ ಓಡಿ ಬಂದು ಎಲೆಯ ಇನ್ನೊಂದು ತುದಿ ಹಿಡಿದರು.

"ಬಿಡ್ರಿ ಅಕ್ಕಾರೆ, ನಂದು ನಾ ಎತ್ತಿ ಒಗೀತೀನಿ."

"ಇಲ್ಲ. ನಾ ಮಾತು ಕೊಟ್ಟೀನಿ."

ಹುಲಿಗೆಮ್ಮ ಕೈ ಬಿಟ್ಟಳು. ಸುತ್ತಲೂ ಒಮ್ಮೆ ನೋಡಿ, "ನಿಮ್ಮ ಮದುವ್ಯಾಗ ಈ ಪಡಸಾಲ್ಯಾಗಿನ ಎಲಿ ಎಲ್ಲಾ ನಾನ ಎತ್ತಿದ್ನಿ" ಎಂದಳು. ಆಡಿ ತೋರಿಸುವ ದನಿಯಲ್ಲಲ್ಲ, ಸುಮ್ಮನೆ ನೆನಪಾದವಳ ಹಾಗೆ.

ಅತ್ತೆ ಎಲೆ ಹಿಡಿದು ಅಲ್ಲೇ ನಿಂತರು. "ನನಗ ನೆನಪಿಲ್ಲ ಹುಲಿಗೆಮ್ಮಾ" ಎಂದರು. "ಯಾರ್ಯಾರು ಉಡುಗೊರಿ ತಂದ್ರು, ಯಾರು ಹಾಡು ಹೇಳಿದ್ರು, ಎಲ್ಲಾ ನೆನಪೈತಿ. ನೀ ಇದ್ದದ್ದು ನೆನಪಿಲ್ಲ." ಅವರ ಕಣ್ಣಿಂದ ಬಳಬಳ ನೀರು ಇಳಿಯಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಎಂಜಲೆಲೆ.

ಹುಲಿಗೆಮ್ಮ ತನ್ನ ಹೊಸ ಸೀರೆಯ ಸೆರಗಿನಿಂದ ಅತ್ತೆಯ ಕಣ್ಣು ಒರೆಸಿದಳು. ಅಂದಿನವರೆಗೂ ಅತ್ತೆಯನ್ನು ಅಕ್ಕಾರೆ ಎಂದೇ ಕರೆದವಳು ಮೆಲ್ಲಗೆ ಅಂದಳು:

"ಅಳಬ್ಯಾಡ ಸುಮ್ಮನಿರು, ತಂಗೀ."