ಬಾಳೆತೋಟದಲ್ಲಿ ಮರೆಯಾದ ಮಾವ

ವಿಡಿಯೊ ಯಂತ್ರದ ಗುಂಡಿಗಳೆಲ್ಲ ನನಗೆ ಗೊತ್ತು ಎಂದು ನಾನು ನಂಬಿದ್ದ ಕಾಲವದು, ತೊಂಬತ್ತರ ದಶಕದ ಕೊನೆ. ತಮಿಳುನಾಡಿನ ಕಂಬಂನ ನಮ್ಮ ಬೀದಿಯಲ್ಲಿ ಯಂತ್ರವಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಅಪ್ಪನ ಅಕ್ಕ ರಂಗಮ್ಮತ್ತೆ ತನ್ನ ಆಸೆ ಹೇಳಿಕೊಂಡದ್ದು ನನಗೇ.

ಅತ್ತೆಯ ಗಂಡ ಮದುವೆಯಾದ ಮರುವರ್ಷವೇ ಮಲಯ ದೇಶದ ಪಿನಾಂಗಿಗೆ ದುಡಿಯಲು ಹೋಗಿ, ಅಲ್ಲೇ ಜ್ವರದಲ್ಲಿ ತೀರಿಕೊಂಡವರು. ಮನೆಯಲ್ಲಿ ಅವರದೊಂದು ಫೋಟೊ ಕೂಡ ಇಲ್ಲ. ಕೊನೆಯ ಕಾಗದದಲ್ಲಿ ಮಾತ್ರ ಒಂದು ಸುದ್ದಿ ಬರೆದಿದ್ದರು. ಬಂದರಿನಲ್ಲಿ ಬಿಳಿಯರು ಗೂಢಚಾರನ ಸಿನಿಮಾ ತೆಗೆದರು, ಅವನು ಓಡುವಾಗ ನಾನು ಮೂಟೆ ಹೊತ್ತು ಅಡ್ಡ ಬಂದೆ ಎಂದು. ಸಿನಿಮಾದ ಹೆಸರೂ ಇತ್ತು.

"ಸಾಯೋದ್ರೊಳಗೆ ಒಂದ್ಸಲ ಆ ಮೊಗ ನೋಡ್ಬೇಕು ರಾಸಾ" ಎಂದಳು ಅತ್ತೆ.

ಯಾರೂ ಹೆಸರು ಕೇಳದ ಚಿತ್ರ! ಎರಡು ವರ್ಷ ಹುಡುಕಿದೆ. ಕೊನೆಗೆ ದಿಂಡಿಗಲ್ಲಿನ ಕ್ಯಾಸೆಟ್ ಅಂಗಡಿಯವನು ಹೊರದೇಶದಿಂದ ತರಿಸಿಕೊಟ್ಟ. ಅಂದು ಸಂಜೆಯೇ ನೆಂಟರನ್ನೆಲ್ಲ ಕರೆದೆ. ಅತ್ತೆ ಹೊಸ ಸೀರೆಯುಟ್ಟು ಮುಂದೆ ಕುಳಿತಳು.

ಬಂದರು ಬಂತು. ಗೂಢಚಾರ ಓಡಿದ. ಎತ್ತರದ ಆಳೊಬ್ಬ ಮೂಟೆ ಹೊತ್ತು ಬಂದ. ನಾನು ಎದ್ದು ಟಿವಿಗೆ ಬೆರಳಿಟ್ಟೆ.

"ಅಗೋ ಮಾವ!"

ನೆಂಟರು ಗೊಳೋ ಎಂದರು. ನನಗೂ ಅಳು ಬಂತು. ಅತ್ತೆ ಮಾತ್ರ ಅಳಲಿಲ್ಲ.

"ಅದು ಅವ್ರಲ್ಲ. ನೀನು ಟಿವಿಗೆ ಅಡ್ಡ ನಿಂತ್ಯಲ್ಲ, ಆ ಪಕ್ಕ ಇನ್ನೊಬ್ರು ಬಂದ್ರು. ಸರಿಯಾಗಿ ಕಾಣ್ಲಿಲ್ಲ."

ತಕ್ಷಣ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ಗುಂಡಿ ಒತ್ತಿದೆ. ತೆರೆಯ ಮೇಲೆ ಬಾಳೆತೋಟ ಮೂಡಿತು.

"ಮಲಯದಲ್ಲೂ ಬಾಳೆ ಬೆಳೆಯುತ್ತೆ" ಎಂದು ಗಂಭೀರವಾಗಿ ತಿಳಿಸಿದೆ. ಒಬ್ಬ ತಮಿಳಿನಲ್ಲಿ ಬೇರುಕೊಳೆ ರೋಗದ ಬಗ್ಗೆ ಮಾತಾಡತೊಡಗಿದ. "ಡಬ್ಬಿಂಗ್!" ಎಂದೆ.

ಹೆಂಡತಿ ಮೆಲ್ಲಗೆ ಕೇಳಿದಳು: "ಆ ಕೆಂಪು ದೀಪ ಯಾಕೆ ಉರೀತಾ ಅದೆ?"

ನಾನು ಒತ್ತಿದ್ದು ರೆಕಾರ್ಡ್ ಗುಂಡಿ! ಟಿವಿಯ ಬೇಸಾಯದ ಕಾರ್ಯಕ್ರಮ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ನಿಲ್ಲಿಸುವಷ್ಟರಲ್ಲಿ ಬಂದರು, ಗೂಢಚಾರ, ಮಾವ ಎಲ್ಲರೂ ಅಳಿಸಿಹೋಗಿದ್ದರು. ಅಂಗಡಿಯವನ ಬಳಿ ಇನ್ನೊಂದು ಪ್ರತಿಯಿರಲಿಲ್ಲ.

ನೆಂಟರು ಹೋದ ಮೇಲೆ ಅತ್ತೆಯ ಕಾಲ ಬಳಿ ಕುಳಿತೆ. ಅವಳು ನನ್ನ ತಲೆ ಸವರಿದಳು.

"ಅರ್ಧ ಮೊಗ ಕಂಡೆ ರಾಸಾ. ನಡಿಗೆ ಅವ್ರದೇ. ಸಾಕು."

ಚೂರಾದರೂ ಉಳಿದಿರಬಹುದೆಂದು ಆಮೇಲೆ ಆ ಕ್ಯಾಸೆಟ್ಟನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಬಾಳೆಯ ಬೇರುಕೊಳೆಗೆ ಮದ್ದೇನೆಂದು ಯಾರು ಕೇಳಿದರೂ ಈಗ ಬಾಯಿಪಾಠ ಒಪ್ಪಿಸಬಲ್ಲೆ. ಮಾವ ಹೇಗಿದ್ದರು ಎಂದು ಮಾತ್ರ ನನ್ನನ್ನು ಕೇಳಬೇಡಿ. ನಾನು ಅತ್ತದ್ದು ಬೇರೆ ಯಾರನ್ನೋ ನೋಡಿ!